ಡಬ್ಬಿ ಮೇಲೊಂದು ಹೆಸರು, ಒಳಗೊಂದು ಸಾಮಾನು

ಯಾರ ಮನೆಯ ಅಡುಗೆಮನೆ ಕಪಾಟನ್ನಾದರೂ ತೆರೆದು ನೋಡಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ಇರುತ್ತದೆ. ಬೋರ್ನ್‌ವಿಟಾ ಡಬ್ಬಿಯಲ್ಲಿ ಹುಣಸೆಹಣ್ಣು. ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಸೂಜಿ, ದಾರ, ಅಂಗಿ ಗುಂಡಿ. ಅಮ್ಮನಿಗೆ ಇದರಿಂದ ಒಂದಿಷ್ಟೂ ತೊಂದರೆಯಿಲ್ಲ. ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದದ್ದೇ ಸಿಗುತ್ತದೆ. ಫಜೀತಿ ಶುರುವಾಗುವುದು ಅಮ್ಮ ತವರಿಗೆ ಹೋದ ದಿನ. ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ, ಅಪ್ಪ ಸಾಸಿವೆಗಾಗಿ ಒಂದೊಂದೇ ಮುಚ್ಚಳ ತೆರೆಯುತ್ತಿದ್ದಾರೆ. ಸಾಸಿವೆ ಸಿಗುವಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತಿರುತ್ತದೆ.

ನಾವು ಬಿಇ ವಿದ್ಯಾರ್ಥಿಗಳು ಜಾವಾದಲ್ಲಿ ಬರೆಯುವ ಪ್ರಾಜೆಕ್ಟ್‌ಗಳ ಕಥೆಯೂ ಇದೇ. ಬರೆದವನಿಗೆ ಎಲ್ಲವೂ ಗೊತ್ತು. ಪಕ್ಕದಲ್ಲಿ ಕುಳಿತ ಟೀಮ್‌ಮೇಟ್‌ಗೆ ಅರ್ಧ ಗೊತ್ತು. ಮುಂದಿನ ವರ್ಷ ಅದೇ ಪ್ರಾಜೆಕ್ಟನ್ನು ಮುಂದುವರಿಸುವ ಜೂನಿಯರ್‌ಗೆ ಏನೂ ಗೊತ್ತಾಗುವುದಿಲ್ಲ. ಡೇಟಾಬೇಸ್ ಜೊತೆ ಮಾತನಾಡುವ ಕ್ಲಾಸ್‌ಗಳಲ್ಲಂತೂ ಈ ಕಾಯಿಲೆ ಹೆಚ್ಚು. ‘ಡಿಬಿಹೆಲ್ಪರ್’, ‘ಡೇಟಾಮ್ಯಾನೇಜರ್’, ‘ಕಾಮನ್‌ಡಿಎಒ’, ‘ಸ್ಟೂಡೆಂಟ್‌ಡಿಎಒಇಂಪ್ಲ್’, ‘ಸ್ಟೂಡೆಂಟ್‌ಡಿಎಒ2’, ‘ಸ್ಟೂಡೆಂಟ್‌ಡಿಎಒನ್ಯೂ’. ನಮ್ಮೂರುಗಳಲ್ಲಿ ಮೂವತ್ತು ವರ್ಷದ ಹಿಂದೆ ಕಟ್ಟಿದ್ದನ್ನೂ ಇವತ್ತಿಗೂ ‘ಹೊಸ ಬಸ್‌ಸ್ಟ್ಯಾಂಡ್’ ಅನ್ನುತ್ತಾರಲ್ಲ, ಹಾಗೆ ಆ ‘ನ್ಯೂ’ ಎಂಬುದು ಎಂದಿನಿಂದ ಹೊಸದು ಅಂತ ಯಾರಿಗೂ ನೆನಪಿರುವುದಿಲ್ಲ.

ಲ್ಯಾಬಿನಲ್ಲಿ ಸಬ್‌ಮಿಷನ್ ಹಿಂದಿನ ದಿನ ಕೇಳಿಬರುವ ಮಾತುಕತೆ ಹೀಗಿರುತ್ತದೆ:

‘ಮಗಾ, ಫೈನ್ ಎಲ್ಲಿ ಲೆಕ್ಕ ಹಾಕಿದೀಯ?’

‘ಡಿಬಿಹೆಲ್ಪರ್‌ನಲ್ಲಿದೆ ನೋಡೋ.’

‘ಯಾವ ಡಿಬಿಹೆಲ್ಪರ್? ಇಲ್ಲಿ ಮೂರಿದಾವೆ.’

‘ಹಳೇದರಲ್ಲಿ ಅನ್ಸುತ್ತೆ. ಅದನ್ನ ಮುಟ್ಟಬೇಡ, ಹೇಗೋ ರನ್ ಆಗ್ತಿದೆ.’

ನಗು ಬರುತ್ತದೆ, ನಿಜ. ಆದರೆ ‘ಮುಟ್ಟಬೇಡ, ಹೇಗೋ ರನ್ ಆಗ್ತಿದೆ’ ಎಂಬ ಮಾತಿನ ಅರ್ಥ ಗಂಭೀರವಾದದ್ದು. ಆ ಕೋಡ್ ಈಗ ಯಾರದ್ದೂ ಅಲ್ಲ. ಅದನ್ನು ತಿದ್ದುವ ಧೈರ್ಯ ಯಾರಿಗೂ ಇಲ್ಲ. ಇದಕ್ಕೆ ಲಾಜಿಕ್ ಕಷ್ಟವಾಗಿರುವುದಷ್ಟೇ ಕಾರಣವಲ್ಲ. ಎಷ್ಟೋ ಸಲ ಕ್ಲಾಸಿಗೆ ಇಟ್ಟ ಹೆಸರೇ ಕಾರಣವಾಗಿರುತ್ತದೆ.

ಡಿಎಒ ಬಂದದ್ದು ಹೇಗೆ?

ಜಾವಾ ಪ್ರೋಗ್ರಾಂ ಒಂದು ಕಡೆ, ಮೈಎಸ್‌ಕ್ಯೂಎಲ್ ಅಥವಾ ಒರಾಕಲ್‌ನಂಥ ಡೇಟಾಬೇಸ್ ಇನ್ನೊಂದು ಕಡೆ. ಎರಡಕ್ಕೂ ಸೇತುವೆಯಾಗಿ ಜೆಡಿಬಿಸಿ 1997ರಲ್ಲಿ ಜೆಡಿಕೆ 1.1ರ ಜೊತೆಗೆ ಬಂತು. ಕನೆಕ್ಷನ್ ತೆರೆಯುವುದು, ಎಸ್‌ಕ್ಯೂಎಲ್ ಕಳುಹಿಸುವುದು, ಬಂದ ರಿಸಲ್ಟ್‌ಸೆಟ್ಟನ್ನು ಸಾಲುಸಾಲಾಗಿ ಓದುವುದು, ಕೊನೆಗೆ ಮುಚ್ಚುವುದು. ಇಷ್ಟನ್ನೂ ಎಲ್ಲಿ ಬೇಕೆಂದರಲ್ಲಿ ಬರೆದರೆ ಏನಾಗುತ್ತದೆ? ಬಟನ್ ಒತ್ತಿದಾಗ ಓಡುವ ಕೋಡಿನಲ್ಲೂ ಎಸ್‌ಕ್ಯೂಎಲ್, ವೆಬ್ ಪುಟದಲ್ಲೂ ಎಸ್‌ಕ್ಯೂಎಲ್. ಟೇಬಲ್‌ನ ಒಂದು ಕಾಲಂ ಹೆಸರು ಬದಲಾದರೆ ಇಪ್ಪತ್ತು ಕಡೆ ತಿದ್ದಬೇಕು.

ಇದಕ್ಕೆ ಪರಿಹಾರವಾಗಿ ‘ಡೇಟಾ ಆಕ್ಸೆಸ್ ಆಬ್ಜೆಕ್ಟ್’, ಚಿಕ್ಕದಾಗಿ ಡಿಎಒ, ಜನಪ್ರಿಯವಾಯಿತು. ದೀಪಕ್ ಆಲೂರ್, ಜಾನ್ ಕ್ರುಪಿ, ಡ್ಯಾನ್ ಮಾಲ್ಕ್ಸ್ ಬರೆದು 2001ರಲ್ಲಿ ಬಂದ ‘ಕೋರ್ ಜೆ2ಇಇ ಪ್ಯಾಟರ್ನ್ಸ್’ ಪುಸ್ತಕ ಇದನ್ನು ಒಂದು ಮಾದರಿಯಾಗಿ ವಿವರಿಸಿತು. ಎಸ್‌ಕ್ಯೂಎಲ್ ಎಲ್ಲವನ್ನೂ ಒಂದು ಕ್ಲಾಸಿನೊಳಗೆ ಇಟ್ಟು ಬೀಗ ಹಾಕಿ, ಉಳಿದವರು ಆ ಕ್ಲಾಸನ್ನು ಮಾತ್ರ ಕೇಳಲಿ ಎಂಬುದು ಅದರ ತಿರುಳು. ಮರುವರ್ಷ, ಅಂದರೆ 2002ರಲ್ಲಿ, ಮಾರ್ಟಿನ್ ಫೌಲರ್ ತಮ್ಮ ಪುಸ್ತಕದಲ್ಲಿ ಟೇಬಲ್ ಡೇಟಾ ಗೇಟ್‌ವೇ, ಆ್ಯಕ್ಟಿವ್ ರೆಕಾರ್ಡ್, ಡೇಟಾ ಮ್ಯಾಪರ್, ರಿಪಾಸಿಟರಿ ಎಂದು ಬೇರೆಬೇರೆ ಬಗೆಗಳನ್ನು ಬಿಡಿಸಿ ಹೇಳಿದರು. 2003ರಲ್ಲಿ ಎರಿಕ್ ಇವಾನ್ಸ್ ‘ಡೊಮೇನ್ ಡ್ರಿವನ್ ಡಿಸೈನ್’ ಪುಸ್ತಕದಲ್ಲಿ, ಸಾಫ್ಟ್‌ವೇರ್ ಬಳಸುವವರು ಆಡುವ ಮಾತೇ ಕೋಡಿನಲ್ಲೂ ಇರಬೇಕು ಎಂದು ವಾದಿಸಿದರು.

ನಾವು ಈ ಇತಿಹಾಸದಲ್ಲಿ ಕೊನೆಯ ಮೂರಕ್ಷರ ಮಾತ್ರ ಹಿಡಿದುಕೊಂಡೆವು. ಟೇಬಲ್ ಹೆಸರಿನ ಪಕ್ಕ ‘ಡಿಎಒ’ ಅಂಟಿಸಿದರೆ ಕ್ಲಾಸಿನ ಹೆಸರು ಸಿದ್ಧ. ಬುಕ್ ಟೇಬಲ್ ಇದ್ದರೆ ‘ಬುಕ್‌ಡಿಎಒ’. ಸುಲಭ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ‘ಡಿಎಒ’ ಎಂಬುದು ಆ ಕ್ಲಾಸ್ ಡೇಟಾಬೇಸನ್ನು ಮುಟ್ಟುತ್ತದೆ ಎಂದಷ್ಟೇ ಹೇಳುತ್ತದೆ. ಯಾಕೆ ಮುಟ್ಟುತ್ತದೆ, ಯಾರ ಯಾವ ಪ್ರಶ್ನೆಗೆ ಉತ್ತರ ತರುತ್ತದೆ ಎಂದು ಹೇಳುವುದಿಲ್ಲ.

ಲ್ಯಾಬ್ ರೆಕಾರ್ಡಿನ ಮೊದಲ ಪ್ರೋಗ್ರಾಂ

ಉದಾಹರಣೆಗೆ ದೂರ ಹೋಗಬೇಕಿಲ್ಲ. ವಿಟಿಯುವಿನ ಹಳೆಯ ಸ್ಕೀಮ್‌ನಲ್ಲಿ ಡಿಬಿಎಂಎಸ್ ಲ್ಯಾಬ್ ಮಾಡಿದ ಸೀನಿಯರ್ ಯಾರದ್ದಾದರೂ ರೆಕಾರ್ಡ್ ಬುಕ್ ತೆರೆಯಿರಿ. ಮೊದಲ ಪ್ರೋಗ್ರಾಂ ಲೈಬ್ರರಿ ಡೇಟಾಬೇಸ್. ಪುಸ್ತಕಕ್ಕೊಂದು, ಲೇಖಕರಿಗೊಂದು, ಪ್ರಕಾಶಕರಿಗೊಂದು ಟೇಬಲ್. ಅವುಗಳ ಜೊತೆಗೆ ‘ಬುಕ್ ಕಾಪೀಸ್’ ಮತ್ತು ‘ಬುಕ್ ಲೆಂಡಿಂಗ್’ ಎಂಬ ಎರಡು ಟೇಬಲ್‌ಗಳಿವೆ. ಆ ಲ್ಯಾಬಿನಲ್ಲಿ ಮಿನಿ ಪ್ರಾಜೆಕ್ಟೂ ಇದ್ದುದರಿಂದ ಎಷ್ಟೋ ತಂಡಗಳು ಇದನ್ನೇ ಬೆಳೆಸಿ, ಜಾವಾದಲ್ಲಿ ‘ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ’ ಮಾಡುತ್ತಿದ್ದವು.

ಮೊದಲು ‘ಬುಕ್ ಕಾಪೀಸ್’ ನೋಡೋಣ. ಅದರಲ್ಲಿ ಮೂರು ಕಾಲಂ: ಪುಸ್ತಕದ ಐಡಿ, ಶಾಖೆಯ ಐಡಿ, ಪ್ರತಿಗಳ ಸಂಖ್ಯೆ. ಜಾವಾದಲ್ಲಿ ಕ್ಲಾಸಿನ ಹೆಸರು ಏಕವಚನದಲ್ಲಿರುವುದು ರೂಢಿಯಾದ್ದರಿಂದ ‘ಬುಕ್‌ಕಾಪಿ’ ಎಂಬ ಕ್ಲಾಸ್, ಅದಕ್ಕೊಂದು ‘ಬುಕ್‌ಕಾಪಿಡಿಎಒ’ ಹುಟ್ಟುತ್ತವೆ. ಈಗ ಹೊಸಬನೊಬ್ಬ ಈ ಹೆಸರನ್ನು ಓದಿದರೆ ಏನೆಂದುಕೊಳ್ಳುತ್ತಾನೆ? ‘ಒಂದು ಆಬ್ಜೆಕ್ಟ್ ಎಂದರೆ ಒಂದು ಪ್ರತಿ’ ಎಂದು. ಒಟ್ಟು ಎಷ್ಟು ಪ್ರತಿಗಳಿವೆ ಎಂದು ತಿಳಿಯಲು ಅವನು ಸಾಲುಗಳನ್ನು ಎಣಿಸುತ್ತಾನೆ. ಆದರೆ ಇಲ್ಲಿ ಒಂದು ಸಾಲು ಎಂದರೆ ಒಂದು ಶಾಖೆಯಲ್ಲಿ ಆ ಪುಸ್ತಕದ ದಾಸ್ತಾನು. ಮೂರು ಶಾಖೆಗಳಲ್ಲಿ ತಲಾ 10 ಪ್ರತಿ ಇದ್ದರೆ ಅವನ ಲೆಕ್ಕದಲ್ಲಿ 3 ಬರುತ್ತದೆ, ನಿಜವಾದ ಸಂಖ್ಯೆ 30. ಕೋಡ್ ಕಂಪೈಲ್ ಆಗುತ್ತದೆ, ರನ್ ಆಗುತ್ತದೆ, ಎರರ್ ಬರುವುದಿಲ್ಲ. ಉತ್ತರ ಮಾತ್ರ ತಪ್ಪು.

ಅದೇ ಕ್ಲಾಸಿಗೆ ‘ಬ್ರಾಂಚ್‌ಸ್ಟಾಕ್’ ಎಂದು ಹೆಸರಿಟ್ಟು, ಡೇಟಾಬೇಸ್ ಕ್ಲಾಸಿನಲ್ಲಿ ‘ಟೋಟಲ್‌ಕಾಪೀಸ್‌ಆಫ್’ ಎಂಬ ಮೆಥಡ್ ಇಟ್ಟಿದ್ದರೆ ಆ ಹೊಸಬನಿಗೆ ಕಾಮೆಂಟ್ ಓದುವ ಅಗತ್ಯವೂ ಬರುತ್ತಿರಲಿಲ್ಲ. ಶಾಖೆಯ ದಾಸ್ತಾನು ಎಂದಮೇಲೆ ಅದನ್ನು ಕೂಡಬೇಕು, ಎಣಿಸಬಾರದು ಎಂದು ಹೆಸರೇ ಹೇಳುತ್ತದೆ.

ಹೆಸರು ಹುಡುಕಿದರೆ ಸಿಕ್ಕ ತೂತು

ಇನ್ನು ‘ಬುಕ್ ಲೆಂಡಿಂಗ್’. ಇದು ಇನ್ನೂ ಸ್ವಾರಸ್ಯಕರ. ಪುಸ್ತಕದ ಐಡಿ, ಶಾಖೆಯ ಐಡಿ, ಕಾರ್ಡ್ ನಂಬರ್, ಒಯ್ದ ದಿನ, ಹಿಂದಿರುಗಿಸಬೇಕಾದ ದಿನ. ಅಷ್ಟೇ. ‘ಬುಕ್‌ಲೆಂಡಿಂಗ್‌ಡಿಎಒ’ ಎಂದು ಹೆಸರಿಟ್ಟು ಮುಂದೆ ಹೋಗುವುದು ಸುಲಭ. ಆದರೆ ಸ್ವಲ್ಪ ನಿಂತು, ಲೈಬ್ರರಿ ಕೌಂಟರಿನಲ್ಲಿ ಕುಳಿತವರು ಇದನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿಕೊಳ್ಳಿ. ಅವರ ಬಳಿ ಎರಡು ಬಗೆಯ ಪ್ರಶ್ನೆಗಳಿರುತ್ತವೆ. ಒಂದು, ‘ಈ ಪುಸ್ತಕವನ್ನು ಇಲ್ಲಿಯವರೆಗೆ ಯಾರ್‍ಯಾರು ಒಯ್ದಿದ್ದಾರೆ?’ ಇದಕ್ಕೆ ಉತ್ತರ ಕೊಡುವುದು ಇಶ್ಯೂ ರಿಜಿಸ್ಟರ್. ಎರಡು, ‘ಈಗ ಯಾರ ಹತ್ತಿರ ಪುಸ್ತಕ ಬಾಕಿ ಇದೆ?’ ಇದು ಬಾಕಿ ಪಟ್ಟಿ.

ನಮ್ಮ ಟೇಬಲ್ ಇವೆರಡರಲ್ಲಿ ಯಾವುದು? ಲ್ಯಾಬಿನ ಒಂದು ಪ್ರಶ್ನೆ, 2017ರ ಜನವರಿಯಿಂದ ಜೂನ್‌ವರೆಗೆ 3ಕ್ಕಿಂತ ಹೆಚ್ಚು ಪುಸ್ತಕ ಒಯ್ದವರನ್ನು ಹುಡುಕಿ ಎನ್ನುತ್ತದೆ. ಅಂದರೆ ಹಳೆಯ ಸಾಲುಗಳು ಅಳಿಯದೆ ಉಳಿದಿರಬೇಕು, ಇದು ರಿಜಿಸ್ಟರ್. ಸರಿ, ‘ಇಶ್ಯೂರಿಜಿಸ್ಟರ್’ ಎಂದು ಹೆಸರಿಡೋಣ. ಹಾಗಾದರೆ ಬಾಕಿ ಪಟ್ಟಿ ಕೊಡುವ ‘ಪೆಂಡಿಂಗ್‌ರಿಟರ್ನ್ಸ್’ ಎಂಬ ಇನ್ನೊಂದು ಕ್ಲಾಸ್ ಬರೆಯಲು ಕೂರಿ. ಎಸ್‌ಕ್ಯೂಎಲ್ ಬರೆಯಲು ಹೊರಟ ಕ್ಷಣ ಕೈ ನಿಲ್ಲುತ್ತದೆ. ಪುಸ್ತಕ ವಾಪಸ್ ಬಂದ ದಿನವನ್ನು ಬರೆದಿಡುವ ಕಾಲಮ್ಮೇ ಇಲ್ಲ! ಹಿಂದಿರುಗಿಸಬೇಕಾದ ದಿನ ಇದೆ, ಹಿಂದಿರುಗಿಸಿದ ದಿನ ಇಲ್ಲ.

ಇನ್ನೊಂದು ತೂತೂ ಇದೆ. ಸಾಮಾನ್ಯವಾಗಿ ರೆಕಾರ್ಡ್‌ಗಳಲ್ಲಿ ಪುಸ್ತಕದ ಐಡಿ, ಶಾಖೆಯ ಐಡಿ, ಕಾರ್ಡ್ ನಂಬರ್ ಈ ಮೂರನ್ನೂ ಸೇರಿಸಿ ಪ್ರೈಮರಿ ಕೀ ಮಾಡಿರುತ್ತಾರೆ. ಹಾಗೆ ಮಾಡಿದರೆ ಒಬ್ಬ ವಿದ್ಯಾರ್ಥಿ ಸೆಮಿಸ್ಟರ್ ಆರಂಭದಲ್ಲಿ ಒಯ್ದು ಹಿಂದಿರುಗಿಸಿದ ಪುಸ್ತಕವನ್ನು ಪರೀಕ್ಷೆಗೆ ಮುಂಚೆ ಮತ್ತೆ ಒಯ್ಯುವಂತಿಲ್ಲ. ಎರಡನೇ ಸಾಲನ್ನು ಡೇಟಾಬೇಸ್ ಒಪ್ಪುವುದೇ ಇಲ್ಲ. ಎಲ್ಲ ಇಶ್ಯೂಗಳನ್ನೂ ಬರೆದಿಡುವ ರಿಜಿಸ್ಟರ್ ಎಂದು ಹೆಸರಿಟ್ಟ ಮೇಲೆ ಈ ಕೀ ಅದಕ್ಕೆ ಹೊಂದುವುದಿಲ್ಲ ಎಂಬುದು ಕಣ್ಣಿಗೆ ಹೊಡೆಯುತ್ತದೆ. ‘ಬುಕ್‌ಲೆಂಡಿಂಗ್‌ಡಿಎಒ’ ಎಂದು ಇದ್ದಷ್ಟು ದಿನ ಯಾರಿಗೂ ಕಾಣುವುದಿಲ್ಲ.

ಲ್ಯಾಬಿನ ಪ್ರಶ್ನೆಯನ್ನು ದೂರುವುದು ಇಲ್ಲಿನ ಉದ್ದೇಶವಲ್ಲ. ಅದು ಎಸ್‌ಕ್ಯೂಎಲ್ ಕಲಿಸಲು ಮಾಡಿದ ಪುಟ್ಟ ಮಾದರಿ, ಆ ಕೆಲಸಕ್ಕೆ ಸಾಕು. ಆದರೆ ಅದನ್ನೇ ಹಾಗೆಯೇ ಎತ್ತಿ ನಿಜವಾದ ಲೈಬ್ರರಿಗೆ ಕೊಟ್ಟರೆ ಏನಾಗುತ್ತದೆ ಯೋಚಿಸಿ. ಕೊನೆಯ ಸೆಮಿಸ್ಟರ್ ಮುಗಿಸಿ ‘ನೋ ಡ್ಯೂ’ಗೆ ಬಂದ ವಿದ್ಯಾರ್ಥಿಯೊಬ್ಬಳ ಕಾರ್ಡ್ ನಂಬರ್ ಒತ್ತುತ್ತಾರೆ. ಮೂರು ವರ್ಷ ಹಿಂದೆ ಒಯ್ದು, ವಾರದಲ್ಲೇ ಹಿಂದಿರುಗಿಸಿದ ಪುಸ್ತಕವೂ ತೆರೆಯ ಮೇಲೆ ಬರುತ್ತದೆ. ಡ್ಯೂ ಡೇಟ್ ದಾಟಿದೆ, ಆದ್ದರಿಂದ ಬಾಕಿ. ನೋ ಡ್ಯೂ ಸಿಗದೆ ಟಿಸಿ ಇಲ್ಲ, ಮೂಲ ದಾಖಲೆಗಳಿಲ್ಲ. ಆ ವಾರವೇ ಕೆಲಸಕ್ಕೆ ಸೇರಬೇಕಾದವಳು ಕಚೇರಿಯಿಂದ ಲೈಬ್ರರಿಗೆ, ಲೈಬ್ರರಿಯಿಂದ ಕಚೇರಿಗೆ ಅಲೆಯಬೇಕು. ‘ಸಿಸ್ಟಂನಲ್ಲಿ ಹಾಗೆ ತೋರಿಸ್ತಿದೆಯಮ್ಮಾ’ ಎಂದರೆ ಅವಳಾದರೂ ಏನು ಹೇಳಬೇಕು? ಆ ಸಿಸ್ಟಂ ಬರೆದ ನಾಲ್ವರು ಅಷ್ಟರಲ್ಲಿ ಪಾಸಾಗಿ ಹೋಗಿರುತ್ತಾರೆ.

ಹೆಸರಿಡುವುದನ್ನು ನಾವು ಕೊನೆಯಲ್ಲಿ ಮಾಡುವ ಸುಣ್ಣಬಣ್ಣ ಎಂದುಕೊಂಡಿದ್ದೇವೆ. ಅದು ಪಾಯ ತೋಡುವ ಹೊತ್ತಿಗೇ ಮಾಡುವ ಕೆಲಸ. ಒಂದು ಕ್ಲಾಸಿಗೆ ಸ್ಪಷ್ಟ ಹೆಸರು ಹೊಳೆಯುತ್ತಿಲ್ಲ ಎಂದರೆ ಆ ಕ್ಲಾಸ್ ಏನು ಮಾಡಬೇಕೆಂದು ನಾವಿನ್ನೂ ತೀರ್ಮಾನಿಸಿಲ್ಲ ಎಂದೇ ಅರ್ಥ.

ಯಾವ ಹೆಸರು, ಯಾವ ಬಾಲ?

ಹಾಗಾದರೆ ಡಿಎಒ, ರಿಪಾಸಿಟರಿ ಎಂಬ ಬಾಲಗಳನ್ನೆಲ್ಲ ಕತ್ತರಿಸಿಬಿಡಬೇಕೆ? ಬೇಕಿಲ್ಲ. ಬಾಲಕ್ಕೂ ಒಂದು ಅರ್ಥವಿದೆ. ಒಂದು ಟೇಬಲ್ಲಿಗೆ ಸಾಲು ಸೇರಿಸುವುದು, ತಿದ್ದುವುದು, ಅಳಿಸುವುದು ಇಷ್ಟನ್ನೇ ಮಾಡುವ ಕ್ಲಾಸಿಗೆ ‘ಡಿಎಒ’ ಎಂಬುದು ಪ್ರಾಮಾಣಿಕವಾದ ಹೆಸರು. ಹಲವು ಟೇಬಲ್‌ಗಳನ್ನು ಒಳಗೆ ಮುಚ್ಚಿಟ್ಟು, ಹೊರಗಿನವರಿಗೆ ಪುಸ್ತಕಗಳ ಅಥವಾ ಸದಸ್ಯರ ಸಂಗ್ರಹದಂತೆ ಕಾಣುವ ಕ್ಲಾಸಿಗೆ ‘ರಿಪಾಸಿಟರಿ’ ಒಪ್ಪುತ್ತದೆ. ಎರಡನ್ನೂ ಒಂದೇ ಪ್ರಾಜೆಕ್ಟಿನಲ್ಲಿ ಮನಬಂದಂತೆ ಬೆರೆಸಿದರೆ ಮಾತ್ರ ಗೊಂದಲ. ಓದುವವನು ‘ಇಲ್ಲಿ ಡಿಎಒ, ಅಲ್ಲಿ ರಿಪಾಸಿಟರಿ, ಏನೋ ವ್ಯತ್ಯಾಸ ಇರಬೇಕು’ ಎಂದು ಇಲ್ಲದ ವ್ಯತ್ಯಾಸವನ್ನು ಹುಡುಕುತ್ತಾ ಕೂರುತ್ತಾನೆ.

‘ಹೆಲ್ಪರ್’, ‘ಮ್ಯಾನೇಜರ್’, ‘ಯುಟಿಲ್’, ‘ಕಾಮನ್’ ಎಂಬ ಹೆಸರುಗಳ ಅಪಾಯ ಬೇರೆ. ಅವು ಯಾರನ್ನೂ ಬೇಡ ಎನ್ನುವುದಿಲ್ಲ. ‘ಡೇಟಾಮ್ಯಾನೇಜರ್’ ಎಂಬ ಕ್ಲಾಸಿಗೆ ಫೈನ್ ಲೆಕ್ಕ ಸೇರಿಸಿದರೂ ನಡೆಯುತ್ತದೆ, ಇಮೇಲ್ ಕಳುಹಿಸುವುದನ್ನು ಸೇರಿಸಿದರೂ ನಡೆಯುತ್ತದೆ. ಬಾಗಿಲ ಹಿಂದಿನ ಮೂಲೆಯಂತೆ, ಜಾಗ ಸಿಗದ್ದೆಲ್ಲ ಅಲ್ಲಿಗೇ ಹೋಗುತ್ತದೆ. ‘ಇಶ್ಯೂರಿಜಿಸ್ಟರ್’ ಎಂಬ ಕ್ಲಾಸಿಗೆ ಇಮೇಲ್ ಕಳುಹಿಸುವ ಮೆಥಡ್ ಸೇರಿಸಲು ಹೋದರೆ ಬರೆಯುವವನಿಗೇ ಮುಜುಗರವಾಗುತ್ತದೆ. ಆ ಮುಜುಗರ ನಮಗೆ ಬೇಕು.

ಇನ್ನು ‘ಇಂಪ್ಲ್’. ‘ಸ್ಟೂಡೆಂಟ್‌ಡಿಎಒ’ ಎಂಬ ಇಂಟರ್‌ಫೇಸ್, ‘ಸ್ಟೂಡೆಂಟ್‌ಡಿಎಒಇಂಪ್ಲ್’ ಎಂಬ ಕ್ಲಾಸ್ ಎಂಬ ಜೋಡಿಯನ್ನು ಟ್ಯುಟೋರಿಯಲ್‌ಗಳಲ್ಲಿ ನೋಡಿಯೇ ಇರುತ್ತೀರಿ. ಒಂದು ಇಂಟರ್‌ಫೇಸಿಗೆ ಎರಡು ಜಾರಿ ರೂಪಗಳು ಬಂದ ದಿನ ಈ ಹೆಸರು ಕೈಕೊಡುತ್ತದೆ. ಇಂಟರ್‌ಫೇಸಿಗೆ ಕೆಲಸದ ಹೆಸರು, ಕ್ಲಾಸಿಗೆ ವಿಧಾನದ ಹೆಸರು ಕೊಡುವುದು ಉತ್ತಮ. ಇಂಟರ್‌ಫೇಸ್ ‘ಇಶ್ಯೂರಿಜಿಸ್ಟರ್’ ಆಗಿರಲಿ. ಜೆಡಿಬಿಸಿ ಮೂಲಕ ಕೆಲಸ ಮಾಡುವುದು ‘ಜೆಡಿಬಿಸಿಇಶ್ಯೂರಿಜಿಸ್ಟರ್’, ಟೆಸ್ಟಿಂಗ್‌ಗೆಂದು ಡೇಟಾಬೇಸ್ ಇಲ್ಲದೆ ಮೆಮೊರಿಯಲ್ಲೇ ನಡೆಯುವುದು ‘ಇನ್‌ಮೆಮೊರಿಇಶ್ಯೂರಿಜಿಸ್ಟರ್’. ಯಾವುದು ಏನೆಂದು ಯಾರೂ ವಿವರಿಸಬೇಕಿಲ್ಲ.

ಮೆಥಡ್‌ಗಳಿಗೂ ಇದೇ ಮಾತು. ‘ಗೆಟ್‌ಡೇಟಾ’, ‘ಅಪ್‌ಡೇಟ್‌ಫ್ಲ್ಯಾಗ್’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಮಾರ್ಕ್‌ರಿಟರ್ನ್ಡ್’, ‘ಓವರ್‌ಡ್ಯೂಬುಕ್ಸ್‌ಆಫ್’ ಎಂದರೆ ಲೈಬ್ರರಿಯನ್‌ಗೂ ಅರ್ಥವಾಗುತ್ತದೆ.

ಸ್ಪ್ರಿಂಗ್ ಬಳಸುವವರಿಗೆ

ಇಂದು ಬಹಳಷ್ಟು ವಿದ್ಯಾರ್ಥಿಗಳು ಸ್ಪ್ರಿಂಗ್ ಬೂಟ್ ಕಲಿಯುತ್ತಾರೆ. ‘ಫ್ರೇಮ್‌ವರ್ಕ್ ಹೇಳಿದ ಹೆಸರನ್ನೇ ಇಡಬೇಕಲ್ಲವೇ’ ಎಂಬ ಅನುಮಾನ ಹಲವರದ್ದು. ನಿಜ ಹೇಳಬೇಕೆಂದರೆ ಸ್ಪ್ರಿಂಗ್ ಡೇಟಾ ಜೆಪಿಎಯಲ್ಲಿ ಇಂಟರ್‌ಫೇಸ್ ಹೆಸರಿನ ಕೊನೆಗೆ ‘ರಿಪಾಸಿಟರಿ’ ಇರಲೇಬೇಕೆಂಬ ನಿಯಮವಿಲ್ಲ. ಅದು ಸ್ಪ್ರಿಂಗ್ ಕೊಡುವ ಜೆಪಿಎರಿಪಾಸಿಟರಿಯಂಥ ಇಂಟರ್‌ಫೇಸನ್ನು ಎಕ್ಸ್‌ಟೆಂಡ್ ಮಾಡಿದ್ದರೆ ಸಾಕು, ‘ಇಶ್ಯೂರಿಜಿಸ್ಟರ್’ ಎಂದಿದ್ದರೂ ಕೆಲಸ ಮಾಡುತ್ತದೆ.

ಆದರೆ ಕೆಲವು ಕಡೆ ಸ್ಪ್ರಿಂಗ್ ಹೆಸರನ್ನು ನಿಜಕ್ಕೂ ಓದುತ್ತದೆ. ‘ಫೈಂಡ್‌ಬೈಡ್ಯೂಡೇಟ್‌ಬಿಫೋರ್’ ಎಂದು ಮೆಥಡ್ ಬರೆದರೆ ಆ ಪದಗಳನ್ನು ಬಿಡಿಸಿ ತಾನೇ ಕ್ವೆರಿ ತಯಾರಿಸುತ್ತದೆ. ಇಲ್ಲಿ ಹೆಸರೇ ಪ್ರೋಗ್ರಾಂ. ಅನುಕೂಲ ಹೌದು, ಆದರೆ ಮೂರು ನಾಲ್ಕು ಷರತ್ತು ಸೇರಿದರೆ ಹೆಸರು ರೈಲಿನಷ್ಟು ಉದ್ದವಾಗುತ್ತದೆ. ಆಗ ಕ್ವೆರಿ ಅನೊಟೇಷನ್ ಬಳಸಿ ಪ್ರಶ್ನೆಯನ್ನು ಬೇರೆ ಬರೆದು, ಮೆಥಡ್‌ಗೆ ‘ಓವರ್‌ಡ್ಯೂಬುಕ್ಸ್‌ಆಫ್’ ಎಂಬ ನಮ್ಮದೇ ಹೆಸರಿಡಬಹುದು. ನಾವೇ ಹೆಚ್ಚುವರಿ ಕೋಡ್ ಬರೆದು ಸೇರಿಸುವಾಗ ಆ ಕ್ಲಾಸನ್ನು ಸ್ಪ್ರಿಂಗ್ ‘ಇಂಪ್ಲ್’ ಎಂಬ ಬಾಲದಿಂದಲೇ ಗುರುತಿಸುತ್ತದೆ. ಆ ಬಾಲವನ್ನು ಸೆಟ್ಟಿಂಗ್‌ನಲ್ಲಿ ಬದಲಿಸುವ ಅವಕಾಶವಿದೆ. ಬದಲಿಸದೆ ಬೇರೆ ಹೆಸರಿಟ್ಟರೆ ಸ್ಪ್ರಿಂಗ್‌ಗೆ ಅದು ಸಿಗುವುದಿಲ್ಲ.

ಹಳೆಯ ಪ್ರಾಜೆಕ್ಟಿನಲ್ಲಿ ಹೆಸರು ಬದಲಿಸುವ ಮುನ್ನ ಇನ್ನೊಂದು ಎಚ್ಚರಿಕೆ ಬೇಕು. ಟೇಬಲ್ ಹೆಸರನ್ನು ನಾವು ಹೇಳದಿದ್ದರೆ ಎಂಟಿಟಿ ಕ್ಲಾಸಿನ ಹೆಸರಿನಿಂದಲೇ ಟೇಬಲ್ ಹೆಸರನ್ನು ಊಹಿಸಲಾಗುತ್ತದೆ. ‘ಬುಕ್‌ಲೆಂಡಿಂಗ್’ ಕ್ಲಾಸನ್ನು ‘ಇಶ್ಯೂ’ ಎಂದು ಬದಲಿಸಿದರೆ ಪ್ರೋಗ್ರಾಂ ‘ಇಶ್ಯೂ’ ಎಂಬ ಟೇಬಲ್ ಹುಡುಕುತ್ತದೆ. ಟೇಬಲ್‌ಗಳನ್ನು ತಾನಾಗಿಯೇ ಅಪ್‌ಡೇಟ್ ಮಾಡುವ ಸೆಟ್ಟಿಂಗ್ ಹಾಕಿಕೊಂಡಿದ್ದರೆ ಇನ್ನೂ ಕಷ್ಟ. ಹೈಬರ್ನೇಟ್ ಸದ್ದಿಲ್ಲದೆ ಹೊಸ ಖಾಲಿ ಟೇಬಲ್ ಸೃಷ್ಟಿಸುತ್ತದೆ, ಹಳೆಯ ದಾಖಲೆಗಳು ಹಳೆಯ ಟೇಬಲ್ಲಿನಲ್ಲೇ ಉಳಿಯುತ್ತವೆ, ತೆರೆಯ ಮೇಲೆ ಒಂದು ಸಾಲೂ ಕಾಣುವುದಿಲ್ಲ. ಡೆಮೊ ದಿನ ಹೀಗಾದರೆ ಎದೆ ಝಲ್ಲೆನ್ನುತ್ತದೆ. ಆದ್ದರಿಂದ ಮೊದಲು ಟೇಬಲ್ ಅನೊಟೇಷನ್‌ನಲ್ಲಿ ಹಳೆಯ ಟೇಬಲ್ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ, ಆಮೇಲೆ ಕ್ಲಾಸಿನ ಹೆಸರು ಬದಲಿಸಿ. ಡೇಟಾಬೇಸ್ ತನ್ನ ಹೆಸರನ್ನು ಇಟ್ಟುಕೊಳ್ಳಲಿ, ಕೋಡ್ ತನ್ನ ಹೆಸರನ್ನು.

ಬದಲಿಸುವಾಗ ಕೈಯಿಂದ ಟೈಪ್ ಮಾಡಬೇಡಿ. ಎಕ್ಲಿಪ್ಸ್‌ನಲ್ಲಿ ಆಲ್ಟ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ. ಇಂಟೆಲಿಜೆ ಐಡಿಯಾದಲ್ಲಿ ಶಿಫ್ಟ್ ಮತ್ತು ಎಫ್6. ಆ ಹೆಸರು ಬಳಕೆಯಾದ ಕಡೆಯೆಲ್ಲ ಒಮ್ಮೆಗೇ ಬದಲಾಗುತ್ತದೆ. ಆದರೂ ಕೊಟೇಷನ್ ಗುರುತಿನೊಳಗೆ ಬರೆದ ಕ್ವೆರಿಗಳಲ್ಲಿ ಹಳೆಯ ಎಂಟಿಟಿ ಹೆಸರು ಉಳಿದಿರಬಹುದು. ಒಮ್ಮೆ ಹುಡುಕಿ ನೋಡಿ, ಪ್ರೋಗ್ರಾಂ ಓಡಿಸಿ, ಆಮೇಲೆ ಕಮಿಟ್ ಮಾಡಿ. ಹೆಸರು ಬದಲಾವಣೆಯನ್ನೂ ಹೊಸ ಫೀಚರನ್ನೂ ಒಂದೇ ಕಮಿಟ್‌ನಲ್ಲಿ ಸೇರಿಸದಿದ್ದರೆ ಟೀಮ್‌ಮೇಟ್‌ಗಳು ನಿಮ್ಮನ್ನು ಬೈಯುವುದಿಲ್ಲ.

ಕೋಡನ್ನು ಟೂಲ್ ತಾನಾಗಿ ಬರೆದುಕೊಡುವಾಗಲೂ ಹೆಸರಿನ ಹಕ್ಕು ನಮ್ಮದೇ. ಉದಾಹರಣೆಗೆ ಜೂಕ್ ಎಂಬ ಲೈಬ್ರರಿ ಡೇಟಾಬೇಸನ್ನು ನೋಡಿ ಟೇಬಲ್, ರೆಕಾರ್ಡ್, ಡಿಎಒ ಕ್ಲಾಸ್‌ಗಳನ್ನು ತಯಾರಿಸುತ್ತದೆ. ಅದರಲ್ಲಿ ಟೇಬಲ್ ಕ್ಲಾಸಿಗೂ ಡೇಟಾ ಹೊರುವ ಸರಳ ಕ್ಲಾಸಿಗೂ ತಾನಾಗಿ ಒಂದೇ ಹೆಸರು ಬೀಳುತ್ತದೆ, ಪ್ಯಾಕೇಜ್ ಮಾತ್ರ ಬೇರೆ. ಇಂಪೋರ್ಟ್ ಮಾಡುವಾಗ ಯಾವ ‘ಬುಕ್’ ಎಂದು ತಡವರಿಸಬೇಕಾಗುತ್ತದೆ. ಇದನ್ನು ತಪ್ಪಿಸಲು ‘ಜನರೇಟರ್ ಸ್ಟ್ರಾಟಜಿ’ ಎಂಬ ವ್ಯವಸ್ಥೆ ಅದರಲ್ಲೇ ಇದೆ. ಯಾವ ಬಗೆಯ ಕ್ಲಾಸಿಗೆ ಯಾವ ರೀತಿ ಹೆಸರಿಡಬೇಕೆಂದು ನಾವೇ ನಿಯಮ ಬರೆದುಕೊಡಬಹುದು.

ಕನ್ನಡದಲ್ಲಿ ಹೆಸರಿಡಬಹುದೇ?

ಇಡಬಹುದು! ಜಾವಾ ಹೆಸರುಗಳಲ್ಲಿ ಯೂನಿಕೋಡ್ ಅಕ್ಷರಗಳಿಗೆ ಅವಕಾಶವಿದೆ. ‘ಪುಸ್ತಕ’ ಎಂದು ಕನ್ನಡ ಲಿಪಿಯಲ್ಲೇ ಕ್ಲಾಸ್ ಬರೆದರೂ ಕಂಪೈಲ್ ಆಗುತ್ತದೆ. ಫೈಲ್ ಯುಟಿಎಫ್-8ನಲ್ಲಿರಬೇಕು ಅಷ್ಟೇ. ಜೆಡಿಕೆ 18ರಿಂದ ಅದೇ ಡಿಫಾಲ್ಟ್. ಆದರೆ ಟೀಮಿನಲ್ಲಿ ಕನ್ನಡ ಓದಲು ಬಾರದವರಿದ್ದರೆ ಅವರಿಗೆ ಅದು ಮತ್ತೊಂದು ಹಾರ್ಲಿಕ್ಸ್ ಬಾಟಲಿ. ಲಿಪಿ ಇಂಗ್ಲಿಷೇ ಇರಲಿ, ಯೋಚನೆ ನಮ್ಮದಾಗಿರಲಿ. ‘ಇಶ್ಯೂ ರಿಜಿಸ್ಟರ್’, ‘ನೋ ಡ್ಯೂ’ ಎಂಬ ಮಾತುಗಳನ್ನು ವಿದೇಶಿ ಟ್ಯುಟೋರಿಯಲ್‌ಗಳಲ್ಲಿ ಹುಡುಕಬೇಕಿಲ್ಲ. ನಮ್ಮ ಲೈಬ್ರರಿಯ ಕೌಂಟರ್ ಬಳಿ ಅರ್ಧ ಗಂಟೆ ನಿಂತರೆ ಅವಾಗಿಯೇ ಕಿವಿಗೆ ಬೀಳುತ್ತವೆ. ಪ್ರಾಜೆಕ್ಟ್ ಆಸ್ಪತ್ರೆಯದ್ದಾದರೆ ಒಪಿಡಿ ಚೀಟಿ ಬರೆಯುವವರ ಮಾತು, ಡೈರಿಯದ್ದಾದರೆ ಹಾಲು ಅಳೆಯುವವರ ಮಾತು. ಕ್ಲಾಸಿನ ಹೆಸರುಗಳು ಅಲ್ಲಿಂದ ಬರಬೇಕು.

‘ಕಂಪನಿಗೆ ಸೇರಿದ ಮೇಲೆ ಅವರ ನಿಯಮದಂತೆ ಹೆಸರಿಡಬೇಕು, ಇದೆಲ್ಲ ಯಾಕೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ತಂಡದ ರೂಢಿ ‘ಡಿಎಒ’ ಎಂದಿದ್ದರೆ ‘ಡಿಎಒ’ ಎಂದೇ ಬರೆಯಬೇಕು. ನಮ್ಮೊಬ್ಬರ ಜಾಣತನಕ್ಕಿಂತ ಇಡೀ ಪ್ರಾಜೆಕ್ಟಿನಲ್ಲಿ ಒಂದೇ ಪದ್ಧತಿ ಇರುವುದು ಮುಖ್ಯ. ಆದರೆ ಬಾಲ ಅವರದ್ದಾದರೂ ತಲೆ ನಮ್ಮದೇ ಅಲ್ಲವೇ? ‘ಡೇಟಾಡಿಎಒ’ ಬದಲು ‘ಪೆಂಡಿಂಗ್‌ರಿಟರ್ನ್ಸ್‌ಡಿಎಒ’ ಎಂದು ಬರೆಯುವುದನ್ನು ಯಾವ ನಿಯಮವೂ ತಡೆಯುವುದಿಲ್ಲ.

ಪ್ಲೇಸ್‌ಮೆಂಟ್ ಇಂಟರ್‌ವ್ಯೂಗಳಲ್ಲಿ ‘ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ‘ಡಿಎಒ ಲೇಯರ್ ಇದೆ ಸರ್’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ‘ಇಶ್ಯೂ ರಿಜಿಸ್ಟರ್ ಮತ್ತು ಬಾಕಿ ಪಟ್ಟಿ ಎರಡನ್ನೂ ಬೇರೆ ಮಾಡಿದ್ದೇವೆ, ಯಾಕೆಂದರೆ ಮೂಲ ಟೇಬಲ್ಲಿನಲ್ಲಿ ವಾಪಸ್ ಬಂದ ದಿನ ಇರಲಿಲ್ಲ’ ಎಂದು ನೋಡಿ. ಎದುರಿಗಿರುವವರು ಮುಂದಕ್ಕೆ ಬಾಗಿ ಮುಂದಿನ ಪ್ರಶ್ನೆ ಕೇಳುತ್ತಾರೆ, ಮತ್ತು ಆ ಪ್ರಶ್ನೆ ನಿಮಗೆ ಗೊತ್ತಿರುವ ವಿಷಯದ ಮೇಲೇ ಇರುತ್ತದೆ.

ಹೆಸರಿಡುವ ಮುನ್ನ ಕೇಳಿಕೊಳ್ಳಿ

* ಈ ಕ್ಲಾಸ್ ಯಾರ, ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ?
* ಹೆಸರಿನಲ್ಲಿ ‘ಮತ್ತು’ ಸೇರಿಸದೆ ಅದರ ಕೆಲಸ ಹೇಳಲು ಆಗುತ್ತದೆಯೇ? ಆಗದಿದ್ದರೆ ಅದು ಎರಡು ಕ್ಲಾಸ್.
* ಒಂದು ಆಬ್ಜೆಕ್ಟ್ ಎಂದರೆ ನಿಜ ಜೀವನದಲ್ಲಿ ಒಂದು ಏನು? ಒಂದು ಪ್ರತಿಯೇ, ಒಂದು ದಾಸ್ತಾನೇ?
* ‘ನ್ಯೂ’, ‘2’, ‘ಫೈನಲ್’ ಎಂಬ ಪದ ಇದೆಯೇ? ಇದ್ದರೆ ಹಳೆಯದನ್ನು ಯಾಕೆ ಇಟ್ಟುಕೊಂಡಿದ್ದೀರಿ?
* ನಾಳೆ ಮೈಎಸ್‌ಕ್ಯೂಎಲ್ ಬದಲು ಬೇರೆ ಡೇಟಾಬೇಸ್ ಬಂದರೂ ಇಂಟರ್‌ಫೇಸಿನ ಹೆಸರು ಸರಿಯಾಗಿಯೇ ಉಳಿಯುತ್ತದೆಯೇ?

ಕೊನೆಗೊಂದು ಖರ್ಚಿಲ್ಲದ ಪರೀಕ್ಷೆ. ನಿಮ್ಮ ಪ್ರಾಜೆಕ್ಟಿನ ಕ್ಲಾಸ್‌ಗಳ ಪಟ್ಟಿಯನ್ನು ಮೆಕ್ಯಾನಿಕಲ್ ಅಥವಾ ಸಿವಿಲ್ ಓದುತ್ತಿರುವ ರೂಮ್‌ಮೇಟ್‌ಗೆ ಗಟ್ಟಿಯಾಗಿ ಓದಿ ಹೇಳಿ. ಕೋಡ್ ತೋರಿಸಬೇಡಿ, ಹೆಸರುಗಳಷ್ಟೇ ಸಾಕು. ‘ಓ, ಲೈಬ್ರರಿ ಸಾಫ್ಟ್‌ವೇರಾ? ಪುಸ್ತಕ ವಾಪಸ್ ಕೊಡದಿದ್ದವರನ್ನ ಇದು ಹಿಡಿಯುತ್ತಾ?’ ಎಂದು ಅವನು ಕೇಳಿದರೆ ನೀವು ಗೆದ್ದಿರಿ. ‘ಏನೋ ಡೇಟಾ, ಏನೋ ಮ್ಯಾನೇಜರ್’ ಎಂದು ಮಗ್ಗುಲು ಬದಲಿಸಿ ಮಲಗಿದರೆ ಸಬ್‌ಮಿಷನ್‌ಗೆ ಇನ್ನೂ ಎಷ್ಟು ದಿನ ಇದೆ ನೋಡಿಕೊಳ್ಳಿ.